ಶೇಕಡಾ 75 ಎಂದು ಬರೆದ ಮೇಲೆ

ಬೌದ್ಧಿಕ ಅಂಗವೈಕಲ್ಯವಿರುವವರಿಗೆ ಸರ್ಟಿಫಿಕೇಟು ಬರೆಯುವಾಗ ವೈದ್ಯರ ಮಂಡಳಿಯ ಮುಂದೆ ಒಂದು ಕೋಷ್ಟಕ ಇರುತ್ತದೆ. ವೈನ್‌ಲ್ಯಾಂಡ್ ಸೋಶಿಯಲ್ ಮೆಚ್ಯೂರಿಟಿ ಸ್ಕೇಲ್ ಎಂಬ ಪರೀಕ್ಷೆಯಲ್ಲಿ 55ರಿಂದ 69ರವರೆಗೆ ಅಂಕ ಬಂದರೆ ಶೇಕಡಾ 50, 36ರಿಂದ 54ರವರೆಗೆ ಬಂದರೆ ಶೇಕಡಾ 75, 21ರಿಂದ 35ರವರೆಗೆ ಶೇಕಡಾ 90, ಅದಕ್ಕೂ ಕೆಳಗಾದರೆ ನೂರಕ್ಕೆ ನೂರು. ಸರ್ಕಾರಕ್ಕೆ ಇಂಥದೊಂದು ಅಳತೆ ಬೇಕೇ ಬೇಕು. ಆದರೆ ಆ ಹಾಳೆಯನ್ನು ಮನೆಗೆ ತಂದು ಬೀರುವಿನಲ್ಲಿ ಇಟ್ಟ ಮೇಲೆ, ಮರುದಿನ ಬೆಳಗ್ಗೆ ಯಾರು ಹಲ್ಲುಜ್ಜಿಸಬೇಕು, ಮಧ್ಯಾಹ್ನ ಜೊತೆಗೆ ಯಾರಿರಬೇಕು, ತಾಯಿ ಜ್ವರ ಬಂದು ಮಲಗಿದರೆ ಏನು ಗತಿ, ಇದಾವುದನ್ನೂ 75 ಎಂಬ ಅಂಕಿ ಹೇಳುವುದಿಲ್ಲ.

ಒಂದೇ 75 ಬರೆಸಿಕೊಂಡ ಇಬ್ಬರು ಹುಡುಗರು ಇದ್ದಾರೆನ್ನಿ. ಒಬ್ಬ ಗಲ್ಲಿಯ ಕಿರಾಣಿ ಅಂಗಡಿಗೆ ತಾನೇ ಹೋಗಿ ಹಾಲಿನ ಪ್ಯಾಕೆಟ್ ತರುತ್ತಾನೆ, ಆದರೆ ಬೋನಾಲು ಹಬ್ಬದ ಡೋಲಿನ ಸದ್ದು ಕೇಳಿದರೆ ಎರಡು ದಿನ ಊಟ ಬಿಡುತ್ತಾನೆ. ಇನ್ನೊಬ್ಬ ಯಾವ ಗದ್ದಲಕ್ಕೂ ಅಂಜುವುದಿಲ್ಲ, ಮದುವೆ ಮನೆಯಲ್ಲಿ ಎಲ್ಲರನ್ನೂ ಹೆಸರು ಹಿಡಿದು ಮಾತಾಡಿಸುತ್ತಾನೆ, ಆದರೆ ಅಂಗಿಯ ಗುಂಡಿ ಹಾಕಿಕೊಳ್ಳಲಾರ, ಶೌಚಕ್ಕೆ ಜೊತೆ ಬೇಕು. ಇಬ್ಬರಿಗೂ ಒಂದೇ ಪಿಂಚಣಿ, ಒಂದೇ ರೈಲು ರಿಯಾಯಿತಿ. ಬೇಕಾದ ನೆರವು ಮಾತ್ರ ಒಂದಕ್ಕೊಂದು ಸಂಬಂಧವೇ ಇಲ್ಲದಷ್ಟು ಬೇರೆ.

ಸರ್ಟಿಫಿಕೇಟು ಬೇಡವೆನ್ನುವುದಿಲ್ಲ. ಹೈದರಾಬಾದಿನವರ ಬಾಯಲ್ಲಿ ಅದು ಇನ್ನೂ ‘ಸದರಂ’ ಸರ್ಟಿಫಿಕೇಟೇ. ಅದರ ಜಾಗಕ್ಕೆ ಈಗ ದೇಶಕ್ಕೆಲ್ಲ ಒಂದೇ ಆದ ಯುಡಿಐಡಿ ಕಾರ್ಡು ಬರುತ್ತಿದೆ. ಶೇಕಡಾ 40 ಅಥವಾ ಹೆಚ್ಚಿದ್ದರೆ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಮೀಸಲಾತಿ ಮತ್ತು ಸೌಲಭ್ಯಗಳಿಗೆ ಅರ್ಹತೆ. ತೆಲಂಗಾಣದ ಆಸರಾ ಪಿಂಚಣಿ 2014ರಲ್ಲಿ 1,500 ರೂಪಾಯಿಯಿಂದ ಆರಂಭವಾಗಿ, 2023ರಲ್ಲಿ ವಿಕಲಚೇತನರಿಗೆ ತಿಂಗಳಿಗೆ 4,016 ರೂಪಾಯಿಗೆ ಏರಿತು. ಹಳೆಯ ಪದ್ಧತಿಯಲ್ಲಿ ಆದಾಯ ತೆರಿಗೆ ಕಟ್ಟುವವರಿಗೆ 80ಡಿಡಿ ಕಲಮಿನಡಿ 75,000 ರೂಪಾಯಿ, ಅಂಗವೈಕಲ್ಯ ಶೇಕಡಾ 80 ಅಥವಾ ಹೆಚ್ಚಿದ್ದರೆ 1,25,000 ರೂಪಾಯಿ ಕಡಿತ. ಇವನ್ನೆಲ್ಲ ಬಿಡದೆ ಮಾಡಿಸಿಕೊಳ್ಳಬೇಕು. ಮಾಡಿಸಿಕೊಂಡಾಯಿತು, ಇನ್ನೇನು ಕೆಲಸ ಮುಗಿಯಿತು ಎಂದು ಕೂರುವ ಮನೆಗಳನ್ನು ಕಂಡೇ ಈ ಅಂಕಣ ಬರೆಯುತ್ತಿದ್ದೇನೆ. ನಿಜವಾದ ಕೆಲಸ ಶುರುವಾಗುವುದು ಅಲ್ಲಿಂದ ಮುಂದೆ, ಮತ್ತು ಅದಕ್ಕೆ ಬೇಕಾದ ಮೊದಲ ಹಾಳೆಯನ್ನು ಯಾವ ಕಚೇರಿಯೂ ಕೊಡುವುದಿಲ್ಲ. ಮನೆಯವರೇ ಬರೆಯಬೇಕು.

ಆ ಹಾಳೆ ಎಂದರೆ ಅವರ ಒಂದು ದಿನ. ಬೆಳಗ್ಗೆ ಏಳುವುದರಿಂದ ರಾತ್ರಿ ಮಲಗುವವರೆಗೆ ಏನೇನು ಮಾಡುತ್ತಾರೆ, ಎಲ್ಲೆಲ್ಲಿ ನಿಲ್ಲುತ್ತಾರೆ, ನಿಂತಾಗ ಎಷ್ಟು ನೆರವು ಬೇಕು. ಇದನ್ನು ಬರೆಯುವ ವಿಧಾನವೊಂದು ನಮ್ಮ ಹೈದರಾಬಾದಿನಲ್ಲೇ ರೂಪುಗೊಂಡಿದೆ. ಸಿಕಂದರಾಬಾದಿನ ಬೋವೆನ್‌ಪಲ್ಲಿಯ ಮನೋವಿಕಾಸ ನಗರದಲ್ಲಿ 1984ರಲ್ಲಿ ಕೇಂದ್ರ ಸರ್ಕಾರ ಕಟ್ಟಿದ ಸಂಸ್ಥೆ ಇದೆ. ಅದರ ಈಗಿನ ಹೆಸರು ಬೌದ್ಧಿಕ ವಿಕಲಚೇತನರ ಸಬಲೀಕರಣದ ರಾಷ್ಟ್ರೀಯ ಸಂಸ್ಥೆ. ಹಳಬರಿಗೆ ಅದು ಎನ್‌ಐಎಂಎಚ್. ಅಲ್ಲಿ ವಿಶೇಷ ಶಾಲೆಯ ಮಕ್ಕಳಿಗಾಗಿ ತಯಾರಾದ ಎಫ್‌ಎಸಿಪಿ ಎಂಬ ಪಟ್ಟಿಯನ್ನು ದೇಶದ ವಿಶೇಷ ಶಿಕ್ಷಕರೆಲ್ಲ ಬಲ್ಲರು. ಅದು ‘ಬರುತ್ತದೆ, ಬರುವುದಿಲ್ಲ’ ಎಂದು ಎರಡೇ ಮಾತಿನಲ್ಲಿ ಮುಗಿಸುವುದಿಲ್ಲ. ತಾನೇ ಮಾಡುತ್ತಾನೆಯೇ, ಸುಳಿವು ಕೊಟ್ಟರೆ ಮಾಡುತ್ತಾನೆಯೇ, ಬಾಯಲ್ಲಿ ಹೇಳಿಕೊಟ್ಟರೆ ಮಾಡುತ್ತಾನೆಯೇ, ಕೈ ಹಿಡಿದು ಮಾಡಿಸಬೇಕೇ, ಅಥವಾ ಪೂರ್ತಿ ಬೇರೆಯವರೇ ಮಾಡಬೇಕೇ ಎಂದು ಮೆಟ್ಟಿಲು ಮೆಟ್ಟಿಲಾಗಿ ಕೇಳುತ್ತದೆ. ನೆರವನ್ನು ಆ ವ್ಯಕ್ತಿಗೆ ತಕ್ಕ ಹಾಗೆ ಹೊಂದಿಸುವ ಗುಟ್ಟೆಲ್ಲ ಈ ಮೆಟ್ಟಿಲುಗಳಲ್ಲೇ ಇದೆ.

ಮಲಕ್‌ಪೇಟೆಯಲ್ಲಿ ನನಗೆ ಬಳಕೆಯ ಮನೆಯೊಂದಿದೆ. ಬೀದರ್ ಕಡೆಯಿಂದ ಬಂದು ನೆಲೆಸಿದವರು. ಮಗನಿಗೆ ಹತ್ತೊಂಬತ್ತು. ಅವನ ಸ್ನಾನ ಪೂರ್ತಿ ತಾಯಿಯ ಹೊಣೆಯಾಗಿತ್ತು. ಬೆಳೆದ ಹುಡುಗ, ಆಕೆಗೆ ಸೊಂಟನೋವು, ಬೇರೆಯವರ ಕೈಗೆ ಕೊಡಲು ಸಂಕೋಚ. ವಿಶೇಷ ಶಿಕ್ಷಕಿಯೊಬ್ಬರ ಸಲಹೆಯಂತೆ ಸ್ನಾನವನ್ನು ಬಿಡಿಬಿಡಿಯಾಗಿ ಬರೆದರು. ಬಟ್ಟೆ ತೆಗೆಯುವುದು, ಕುಳಿತುಕೊಳ್ಳುವುದು, ಮಗ್ಗಿನಲ್ಲಿ ನೀರು ತುಂಬುವುದು, ಹೆಗಲ ಮೇಲೆ ಸುರಿದುಕೊಳ್ಳುವುದು, ಸೋಪು ಹಿಡಿಯುವುದು, ಕೈಗೆ, ಎದೆಗೆ, ಕಾಲಿಗೆ, ಬೆನ್ನಿಗೆ ಹಚ್ಚುವುದು, ನೊರೆ ತೊಳೆಯುವುದು, ನೀರು ನಿಲ್ಲಿಸುವುದು, ಟವೆಲು ತೆಗೆದುಕೊಳ್ಳುವುದು. ಒಂದು ವಾರ ಸುಮ್ಮನೆ ನಿಂತು ನೋಡಿದಾಗ ತಿಳಿದದ್ದೇನೆಂದರೆ, ಹುಡುಗ ಎಡವುತ್ತಿದ್ದದ್ದು ಎರಡೇ ಕಡೆ. ಬೆನ್ನಿಗೆ ಕೈ ಎಟುಕುತ್ತಿರಲಿಲ್ಲ, ನೀರು ಸುರಿಯುವುದನ್ನು ಯಾವಾಗ ನಿಲ್ಲಿಸಬೇಕೆಂದು ಗೊತ್ತಾಗುತ್ತಿರಲಿಲ್ಲ. ಬೆನ್ನಿಗೆ ಉದ್ದ ಹಿಡಿಯ ಬ್ರಷ್ ಬಂತು. ನಲ್ಲಿ ಬಂದ್ ಮಾಡಿ, ಅಳತೆಯ ನೀರನ್ನು ಬಕೆಟ್ಟಿನಲ್ಲಿ ಇಟ್ಟರು. ಬಕೆಟ್ ಖಾಲಿಯಾದರೆ ಸ್ನಾನ ಮುಗಿಯಿತು.

“ಎಲ್ಲಾ ನಾನೇ ಮಾಡ್ತಿದ್ದೆರಿ. ಅವಗ ಏನೇನು ಬರ್ತದ ಅಂತ ನಿಂತು ನೋಡಿದ್ದೇ ಇಲ್ರಿ,” ಅಂದರು ಆ ತಾಯಿ.

ಅವರು ಬಾಗಿಲಾಚೆ ನಿಂತು ಒಂದೆರಡು ಮಾತು ಹೇಳಿದರೆ ಸಾಕೆನ್ನುವ ಹಂತ ಬರಲು ಕೆಲವು ತಿಂಗಳು ಹಿಡಿಯಿತು. ಸ್ನಾನಕ್ಕೆಂದೇ ಗಂಡಾಳನ್ನು ಗೊತ್ತುಮಾಡುವ ಯೋಚನೆ ಬಿಟ್ಟರು. ಆ ದುಡ್ಡಿನಲ್ಲಿ ಸಂಜೆ ಅವನನ್ನು ಹೊರಗೆ ಕರೆದೊಯ್ಯಲು ಒಬ್ಬ ಹುಡುಗನನ್ನು ಇಟ್ಟುಕೊಂಡಿದ್ದಾರೆ. ಹೊರಗೆ ಹೋಗುವುದೇ ಅವನಿಗೆ ಪ್ರಿಯ. ಅವನೇ ಚಪ್ಪಲಿ ಹಿಡಿದು ಬಾಗಿಲ ಬಳಿ ನಿಂತು ಕೇಳಿದ ಸೌಲಭ್ಯ ಅದೊಂದೇ. ಯೋಜನೆ ಮಾಡುವಾಗ ಅವರ ಇಷ್ಟವನ್ನು ಮೊದಲು ಕೇಳಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕೇ. ಮಾತು ಬಾರದವರೂ ಕೈಯಿಂದ, ಕಣ್ಣಿನಿಂದ, ತಟ್ಟೆ ದೂಡಿ ಹೇಳುತ್ತಾರೆ. ಭಾರತ 2007ರಲ್ಲಿ ಒಪ್ಪಿಕೊಂಡ ವಿಶ್ವಸಂಸ್ಥೆಯ ವಿಕಲಚೇತನರ ಹಕ್ಕುಗಳ ಒಡಂಬಡಿಕೆಯೂ ಇದನ್ನೇ ಹೇಳುತ್ತದೆ: ಎಲ್ಲಿರಬೇಕು, ಯಾರೊಡನೆ ಇರಬೇಕು ಎಂದು ಆರಿಸಿಕೊಳ್ಳುವ ಹಕ್ಕು ಅವರದು.

ಅದೇ ಬೋವೆನ್‌ಪಲ್ಲಿ ಸಂಸ್ಥೆಯ ಇನ್ನೊಂದು ಕೊಡುಗೆಗೆ ಸಿಗಬೇಕಾದಷ್ಟು ಪ್ರಚಾರ ಸಿಕ್ಕಿಲ್ಲ. ಮನಶ್ಶಾಸ್ತ್ರಜ್ಞೆ ರೀಟಾ ಪೆಶಾವರಿಯಾ ಮತ್ತು ಆಗ ನಿರ್ದೇಶಕರಾಗಿದ್ದ ಡಿ.ಕೆ. ಮೆನನ್ ಮೊದಲಾದವರು 1990ರ ದಶಕದಲ್ಲಿ ಭಾರತೀಯ ಕುಟುಂಬಗಳನ್ನೇ ಮುಂದಿಟ್ಟುಕೊಂಡು ಕುಟುಂಬದ ಅಗತ್ಯಗಳ ಪ್ರಶ್ನಾವಳಿಯೊಂದನ್ನು ರೂಪಿಸಿದರು. ಮಗುವಿಗೆ ಏನು ಬೇಕು ಎಂದಷ್ಟೇ ಕೇಳದೆ, ನಿಮಗೇನು ಬೇಕು ಎಂದು ತಂದೆ, ತಾಯಿ, ಒಡಹುಟ್ಟಿದವರು, ಅಜ್ಜ-ಅಜ್ಜಿಯರನ್ನು ಕೇಳುವ ಪಟ್ಟಿ ಅದು. ಮಾಹಿತಿ ಬೇಕೇ, ಹಣದ ನೆರವು ಬೇಕೇ, ಮುಂದಿನ ದಿನಗಳ ಬಗ್ಗೆ ಮಾತಾಡಬೇಕೇ? ನಮ್ಮ ಮನೆಗಳಲ್ಲಿ ಈ ಪ್ರಶ್ನೆ ತಾಯಿಗೆ ಯಾರೂ ಹಾಕುವುದಿಲ್ಲ. ‘ನಿಮಗೇನು ಬೇಕಮ್ಮಾ’ ಎಂದರೆ ಆಕೆಗೆ ಉತ್ತರವೇ ಹೊಳೆಯುವುದಿಲ್ಲ, ಅಷ್ಟು ವರ್ಷ ಯಾರೂ ಕೇಳಿರುವುದಿಲ್ಲ. ಒತ್ತಾಯಿಸಿ ಕೇಳಿದರೆ ಬಹಳಷ್ಟು ಸಲ ಬರುವ ಉತ್ತರ ನಿದ್ದೆ. ಒಂದು ಪೂರ್ತಿ ರಾತ್ರಿಯ ನಿದ್ದೆ. ಹಾಗಾದರೆ ಯೋಜನೆಯಲ್ಲಿ ಮೊದಲು ಬರೆಯಬೇಕಾದ್ದು ಸ್ಪೀಚ್ ಥೆರಪಿಯಲ್ಲ, ವಾರಕ್ಕೆ ಎರಡು ರಾತ್ರಿ ತಂದೆಯೋ ಚಿಕ್ಕಮ್ಮನೋ ಮಗುವಿನ ಬಳಿ ಮಲಗುವುದು.

ಆ ಸಂಸ್ಥೆಯಲ್ಲಿ ಹೊರ ಊರಿನ ಕುಟುಂಬಗಳು ಕೆಲವು ದಿನ ತಂಗಿ ತರಬೇತಿ ಪಡೆಯಲು ‘ಫ್ಯಾಮಿಲಿ ಕಾಟೇಜ್’ಗಳಿವೆ. ಬೀದರ್, ಕಲಬುರಗಿ, ರಾಯಚೂರಿನವರು ಬೇನೆ ಬಂದರೆ ಹೈದರಾಬಾದಿನ ದಾರಿ ಹಿಡಿಯುವುದು ನಿಜಾಮರ ಕಾಲದಿಂದ ಬಂದ ರೂಢಿ. ಈ ಕಾಟೇಜುಗಳ ವಿಷಯ ಮಾತ್ರ ಅಲ್ಲಿನ ಎಷ್ಟೋ ಮಂದಿಗೆ ಗೊತ್ತಿಲ್ಲ. ತಿಂಗಳಿಗೊಮ್ಮೆ ಬಸ್ಸಿನಲ್ಲಿ ಬಂದು ಅರ್ಧ ಗಂಟೆ ತೋರಿಸಿಕೊಂಡು ಹೋಗುವುದಕ್ಕಿಂತ, ಕೆಲವು ದಿನ ನಿಂತು ತಾಯಿ-ತಂದೆ ಇಬ್ಬರೂ ಕಲಿತು ಹೋಗುವುದು ಮೇಲು. ಊರಿಗೆ ಮರಳಿದ ಮೇಲೆ ಗ್ರಾಮ ಪಂಚಾಯಿತಿಯಲ್ಲಿ ಕರ್ನಾಟಕ ಸರ್ಕಾರ ನೇಮಿಸಿದ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಎಂದರೆ ವಿಆರ್‌ಡಬ್ಲ್ಯೂ ಇರುತ್ತಾರೆ. ಹೈದರಾಬಾದಿನಲ್ಲಿ ಬರೆದುಕೊಟ್ಟ ಕಾರ್ಯಕ್ರಮದ ಒಂದು ಪ್ರತಿ ಅವರ ಕೈಯಲ್ಲಿರಲಿ. ಯುಡಿಐಡಿ ಕಾರ್ಡು ಗಡಿ ದಾಟಿದರೂ ಸಲ್ಲುತ್ತದೆ; ಪಿಂಚಣಿ ಮಾತ್ರ ನೀವು ವಾಸವಿರುವ ರಾಜ್ಯದ್ದು.

ಇಲ್ಲಿ ನೆಲೆಸಿದ ಕನ್ನಡದ ಮನೆಗಳಿಗೆ ಇನ್ನೊಂದು ತೊಡಕಿದೆ. ಮನೆಯಲ್ಲಿ ಕನ್ನಡ, ಥೆರಪಿಸ್ಟ್ ಬಾಯಲ್ಲಿ ತೆಲುಗು, ಶಾಲೆಯಲ್ಲಿ ಇಂಗ್ಲಿಷ್, ಬೀದಿಯಲ್ಲಿ ದಖನಿ. ಕಾಚಿಗುಡದ ಹಳೆಯ ಮನೆಗಳಲ್ಲಿ ಬೆಳೆದವರು ನಾಲ್ಕನ್ನೂ ನಿರಾಯಾಸವಾಗಿ ಆಡುತ್ತಾರೆ, ನಿಜ. ಆದರೆ ಹತ್ತು ಮಾತನ್ನು ಕಷ್ಟಪಟ್ಟು ಕಲಿಯುತ್ತಿರುವ ಮಗುವಿಗೆ ಅದೇ ಹತ್ತು ಮಾತು ನಾಲ್ಕು ರೂಪದಲ್ಲಿ ಬಂದರೆ ಕೆಲಸ ನಾಲ್ಕರಷ್ಟಾಗುತ್ತದೆ. ಇದಕ್ಕಾಗಿ ಕನ್ನಡ ಬಿಡಬೇಕಿಲ್ಲ. ಅಜ್ಜಿಯ ಜೊತೆಗಿನ ನಂಟನ್ನು ಯಾವ ಥೆರಪಿಯೂ ತುಂಬಿಕೊಡುವುದಿಲ್ಲ. ಮಗು ಮನೆಯಲ್ಲಿ ಬಳಸುವ ಮಾತು ಮತ್ತು ಸನ್ನೆಗಳನ್ನು ತೆಲುಗು ಅಥವಾ ಇಂಗ್ಲಿಷ್ ಲಿಪಿಯಲ್ಲಿ ಬರೆದು ಥೆರಪಿಸ್ಟಿಗೆ, ಶಾಲೆಗೆ, ಆಯಾಗೆ ಕೊಡಿ. ಎಲ್ಲರೂ ಅದೇ ಮಾತು ಹೇಳಲಿ. ಒಳ್ಳೆಯ ಥೆರಪಿಸ್ಟ್ ಬೇಸರಪಡುವುದಿಲ್ಲ, ಕೇಳಿ ಪಡೆಯುತ್ತಾರೆ.

ಊರಿನಲ್ಲಿ ಸಂಸ್ಥೆಗಳಿಗೆ ಕೊರತೆಯಿಲ್ಲ. ದಿಲ್‌ಸುಖ್‌ನಗರದ ಕಡೆ 1968ರಲ್ಲಿ ಆರಂಭವಾದ ಠಾಕೂರ್ ಹರಿಪ್ರಸಾದ್ ಸಂಸ್ಥೆ, ಸಿಕಂದರಾಬಾದಿನಲ್ಲಿ 1977ರಿಂದ ನಡೆಯುತ್ತಿರುವ ಸ್ವೀಕಾರ್, ದೃಷ್ಟಿದೋಷವಿದ್ದವರಿಗೆ ಬೇಗಂಪೇಟೆಯ ದೇವನಾರ್ ಶಾಲೆ ಮತ್ತು ಎಲ್.ವಿ. ಪ್ರಸಾದ್ ಕಣ್ಣಿನ ಸಂಸ್ಥೆಯ ಪುನರ್ವಸತಿ ವಿಭಾಗ, ಶ್ರವಣದೋಷಕ್ಕೆ ಮನೋವಿಕಾಸ ನಗರದಲ್ಲೇ ಇರುವ ಅಲಿ ಯಾವರ್ ಜಂಗ್ ಸಂಸ್ಥೆಯ ಪ್ರಾದೇಶಿಕ ಕೇಂದ್ರ. ಪುಟ್ಟ ಮಕ್ಕಳಿಗೆ 2021ರ ಜೂನ್‌ನಲ್ಲಿ ಆರಂಭವಾದ ಶೀಘ್ರ ಮಧ್ಯಸ್ಥಿಕೆ ಕೇಂದ್ರ ಬೋವೆನ್‌ಪಲ್ಲಿ ಸಂಸ್ಥೆಯ ಆವರಣದಲ್ಲಿದ್ದು, ಎಲ್ಲ ಬಗೆಯ ವೈಕಲ್ಯಗಳ ಪರೀಕ್ಷೆ ಒಂದೇ ಸೂರಿನಡಿ ಆಗುತ್ತದೆ. ಸರ್ಕಾರಿ ಶಾಲೆಗಳಿಗೆ ಹೊಂದಿಕೊಂಡ ಭವಿತ ಕೇಂದ್ರಗಳಲ್ಲಿ ವಿಶೇಷ ಶಿಕ್ಷಕರು ಮತ್ತು ಫಿಸಿಯೋಥೆರಪಿ ಸಿಗುತ್ತದೆ. ಏಳಲಾರದ ಮಕ್ಕಳಿಗೆ ಮನೆಗೇ ಬಂದು ಕಲಿಸುವ ವ್ಯವಸ್ಥೆಯೂ ಸಮಗ್ರ ಶಿಕ್ಷಾ ಯೋಜನೆಯಲ್ಲಿದೆ. ಮಧ್ಯಮ ವರ್ಗದವರು ಭವಿತ ಎಂಬ ಹೆಸರನ್ನೇ ಕೇಳಿರುವುದಿಲ್ಲ. ಸರ್ಕಾರಿ ಎಂದ ಕೂಡಲೇ ಮುಖ ತಿರುಗಿಸುವ ಮೊದಲು ಒಮ್ಮೆ ಹೋಗಿ ನೋಡಿ.

ಎಲ್ಲ ಇದ್ದೂ ಇವುಗಳನ್ನು ಒಂದಕ್ಕೊಂದು ಜೋಡಿಸುವವರು ಯಾರೂ ಇಲ್ಲ. ನರರೋಗ ತಜ್ಞರು ಬರೆದದ್ದು ಶಾಲೆಗೆ ಗೊತ್ತಿಲ್ಲ, ಶಾಲೆಯಲ್ಲಿ ನಡೆದದ್ದು ಫಿಸಿಯೋಥೆರಪಿಸ್ಟಿಗೆ ಗೊತ್ತಿಲ್ಲ. ಆಸ್ಟ್ರೇಲಿಯಾ 2013ರಲ್ಲಿ ತಂದ ರಾಷ್ಟ್ರೀಯ ಅಂಗವೈಕಲ್ಯ ವಿಮಾ ಯೋಜನೆಯಲ್ಲಿ ಅರ್ಹರಾದ ಪ್ರತಿಯೊಬ್ಬರಿಗೂ ಒಂದು ಯೋಜನೆ ಬರೆದು, ಅದಕ್ಕೆ ತಕ್ಕ ಹಣವನ್ನು ಆ ವ್ಯಕ್ತಿಯ ಹೆಸರಿಗೇ ಇಡುತ್ತಾರೆ. ಯಾರ ಸೇವೆ ಬೇಕೆಂದು ಅವರೇ ಆರಿಸಬಹುದು. ನಮ್ಮಲ್ಲಿ ಇದಕ್ಕೆ ಹತ್ತಿರವಾದದ್ದು 2016ರ ಕಾಯ್ದೆಯ 38ನೇ ಕಲಮು. ಹೆಚ್ಚಿನ ನೆರವು ಬೇಕಾದವರು ತಾವೇ ಅಥವಾ ಅವರ ಪರವಾಗಿ ಬೇರೆಯವರು ಅರ್ಜಿ ಕೊಡಬಹುದು, ಒಂದು ಮಂಡಳಿ ಅಗತ್ಯವನ್ನು ಅಳೆದು ವರದಿ ಕೊಡಬೇಕು, ಅದರಂತೆ ಪ್ರಾಧಿಕಾರ ನೆರವು ಒದಗಿಸಬೇಕು. ಅಂಥವರಿಗೆ ಆರೈಕೆದಾರರ ಭತ್ಯೆಯನ್ನು 24ನೇ ಕಲಮಿನಲ್ಲಿ ಹೆಸರಿಸಿಯೇ ಹೇಳಿದೆ. ಕೇರಳದಲ್ಲಿ ಆಶ್ವಾಸಕಿರಣಂ ಯೋಜನೆಯಡಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 600 ರೂಪಾಯಿ ಕೊಡುವ ಪದ್ಧತಿ ಬಂತು. ಮೊತ್ತ ಸಣ್ಣದು, ಆದರೆ ಮನೆಯೊಳಗಿನ ಆ ದುಡಿಮೆ ಲೆಕ್ಕಕ್ಕೆ ಬಂತು. 38ನೇ ಕಲಮಿನಡಿ ಅರ್ಜಿ ಕೊಡಬಹುದೆಂಬುದೇ ಬಹುಪಾಲು ಕುಟುಂಬಗಳಿಗೆ ತಿಳಿದಿಲ್ಲ. ಕೊಡಿ. ಮನೆಯಲ್ಲಿ ಬರೆದ ಆ ದಿನಚರಿಯ ಹಾಳೆಯನ್ನೇ ಲಗತ್ತಿಸಿ.

ಅಲ್ಲಿಯವರೆಗೆ ಜೋಡಿಸುವ ಕೆಲಸ ಮನೆಯವರದೇ. ಒಂದು ಫೈಲು, ಅದರ ಮೊದಲ ಪುಟದಲ್ಲಿ ದಿನಚರಿ, ಆಮೇಲೆ ಈಗಿನ ಔಷಧಿಗಳ ಪಟ್ಟಿ, ಆಮೇಲೆ ಹಳೆಯ ವರದಿಗಳು. ಯಾವ ಬಾಗಿಲಿಗೆ ಹೋದರೂ ಮೊದಲ ಪುಟವನ್ನೇ ಮುಂದಿಡಬೇಕು. ಥೆರಪಿಗೆ ಸೇರಿಸುವಾಗ ಕೇಳಬೇಕಾದ್ದು, ಈ ಪುಟದಲ್ಲಿರುವ ಯಾವ ಕೆಲಸವನ್ನು ಮೂರು ತಿಂಗಳಲ್ಲಿ ಸುಲಭ ಮಾಡಿಕೊಡುತ್ತೀರಿ ಎಂದು. ಉತ್ತರ ಬರದಿದ್ದರೆ ಬೇರೆ ಕಡೆ ನೋಡಬಹುದು. ವಾರಕ್ಕೆ ಆರು ದಿನ ಎರಡು ಬಸ್ಸು ಬದಲಿಸಿ, ಮುಕ್ಕಾಲು ಗಂಟೆಯ ಥೆರಪಿಗೆ ಅರ್ಧ ದಿನ ಕಳೆದು, ಮಗುವೂ ತಾಯಿಯೂ ಸುಸ್ತಾಗಿ ಮನೆಗೆ ಬಂದು ಬೀಳುವುದನ್ನು ನಾನು ಒಪ್ಪುವುದಿಲ್ಲ. ವಾರಕ್ಕೊಮ್ಮೆ ಹೋಗಿ, ಮನೆಯಲ್ಲಿ ಅನ್ನ ಕಲಸುವಾಗ, ಬಟ್ಟೆ ಮಡಿಸುವಾಗ ಏನು ಮಾಡಿಸಬೇಕೆಂದು ಕಲಿತು ಬಂದರೆ ಬಹಳ ಮಕ್ಕಳಿಗೆ ಅದೇ ಹೆಚ್ಚು ದಕ್ಕುತ್ತದೆ.

ಆಯಾ ಅಥವಾ ಅಟೆಂಡರ್ ಇಡುವ ಮನೆಗಳು ಇನ್ನೊಂದು ಪುಟ ಬರೆದು ಗೋಡೆಗೆ ಅಂಟಿಸಬೇಕು. ಹೇಗೆ ಉಣ್ಣುತ್ತಾರೆ, ಯಾವುದಕ್ಕೆ ಅಂಜುತ್ತಾರೆ, ನೋವಾದರೆ ಹೇಗೆ ತೋರಿಸುತ್ತಾರೆ. ಫಿಟ್ಸ್ ಬರುವವರಿದ್ದರೆ ಅದರ ಬಗ್ಗೆ ದೊಡ್ಡ ಅಕ್ಷರದಲ್ಲಿ: ಒಂದು ಪಕ್ಕಕ್ಕೆ ಮಲಗಿಸಿ, ಬಾಯಿಗೆ ಚಮಚ, ನೀರು, ಏನನ್ನೂ ಹಾಕಬೇಡಿ, ಕೈಕಾಲು ಒತ್ತಿ ಹಿಡಿಯಬೇಡಿ, ಗಡಿಯಾರ ನೋಡಿ, ಐದು ನಿಮಿಷ ಮೀರಿದರೆ ಆಸ್ಪತ್ರೆಗೆ. ಬೀಗದ ಕೈ, ಕಬ್ಬಿಣದ ತುಂಡು ಹಿಡಿಸುವ ಅಭ್ಯಾಸ ಇನ್ನೂ ಹೋಗಿಲ್ಲ. ಅದರಿಂದ ಫಿಟ್ಸ್ ನಿಲ್ಲುವುದಿಲ್ಲ, ಸಮಯ ಮಾತ್ರ ಹಾಳಾಗುತ್ತದೆ.

ಹದಿನೆಂಟು ತುಂಬಿದ ದಿನ ಇನ್ನೊಂದು ಲೆಕ್ಕ ಶುರು. ಕಾನೂನಿನ ಕಣ್ಣಲ್ಲಿ ಮಗ ವಯಸ್ಕ. ತಂದೆ-ತಾಯಿಯ ಸಹಿ ತನ್ನಿಂತಾನೇ ಅವನ ಸಹಿಯಾಗುವುದಿಲ್ಲ. ಬ್ಯಾಂಕಿನಲ್ಲಿ ಇದು ಎದುರಾದಾಗಲೇ ಹೆಚ್ಚಿನವರಿಗೆ ಗೊತ್ತಾಗುವುದು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ ಮತ್ತು ಬಹುವಿಧ ವೈಕಲ್ಯಗಳಿಗೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಇದೆ. ಪೋಷಕರ ಸಂಘಟನೆಗಳ ಹಲವು ವರ್ಷಗಳ ಒತ್ತಾಯದ ಫಲ ಅದು. ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಇರುವ ‘ಪರಿವಾರ್’ ಒಕ್ಕೂಟದ ಬೇರುಗಳು ಹೈದರಾಬಾದಿನ ಎನ್‌ಐಎಂಎಚ್ ಕರೆದ ಪೋಷಕರ ಸಮಾವೇಶಗಳಲ್ಲಿವೆ. ಈ ಕಾಯ್ದೆಯಡಿ ಜಿಲ್ಲಾಧಿಕಾರಿ, ಒಂದು ನೋಂದಾಯಿತ ಸಂಸ್ಥೆಯ ಪ್ರತಿನಿಧಿ ಮತ್ತು ಒಬ್ಬ ವಿಕಲಚೇತನರಿರುವ ಸ್ಥಳೀಯ ಸಮಿತಿ ಪಾಲಕರನ್ನು ನೇಮಿಸುತ್ತದೆ. ಹೈದರಾಬಾದ್ ನಗರ ಒಂದೇ ಜಿಲ್ಲೆಯಲ್ಲ ಎಂಬುದು ನೆನಪಿರಲಿ: ಕೂಕಟ್‌ಪಲ್ಲಿಯವರು ಮೇಡ್ಚಲ್-ಮಲ್ಕಾಜ್‌ಗಿರಿಗೆ, ಗಚ್ಚಿಬೌಲಿಯವರು ರಂಗಾರೆಡ್ಡಿಗೆ ಅರ್ಜಿ ಹಾಕಬೇಕು. ಪಾಲಕರಾದವರು ಆರು ತಿಂಗಳೊಳಗೆ ಆಸ್ತಿಯ ಪಟ್ಟಿ ಕೊಡಬೇಕು, ಪ್ರತಿ ಹಣಕಾಸು ವರ್ಷ ಮುಗಿದ ಮೂರು ತಿಂಗಳಲ್ಲಿ ಲೆಕ್ಕ ಒಪ್ಪಿಸಬೇಕು. ಇದೇ ಟ್ರಸ್ಟಿನ ನಿರಾಮಯ ವಿಮೆ ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗೆ ವೆಚ್ಚ ಭರಿಸುತ್ತದೆ. ಮೊದಲೇ ವೈದ್ಯಕೀಯ ಪರೀಕ್ಷೆ ಕೇಳುವುದಿಲ್ಲ, ಥೆರಪಿಗೂ ಅದರಲ್ಲಿ ಪಾಲಿದೆ.

ಪಾಲಕತ್ವ ಕೇಳುವ ಮುನ್ನ ಅದು ನಿಜಕ್ಕೂ ಬೇಕೇ ಎಂದೂ ಯೋಚಿಸಬೇಕು. ತನ್ನ ವ್ಯವಹಾರವನ್ನು ಸ್ವಲ್ಪ ನೆರವಿನಿಂದ ನೋಡಿಕೊಳ್ಳಬಲ್ಲ ಮಗಳ ಎಲ್ಲ ಸಹಿಯನ್ನೂ ಕಿತ್ತುಕೊಳ್ಳುವುದು ಅನ್ಯಾಯ. ಅಂಥವರಿಗೆ 2016ರ ಕಾಯ್ದೆಯ ಸೀಮಿತ ಪಾಲಕತ್ವ ಇದೆ. ನಿರ್ದಿಷ್ಟ ವಿಷಯಕ್ಕೆ, ನಿರ್ದಿಷ್ಟ ಅವಧಿಗೆ, ಆ ವ್ಯಕ್ತಿಯೊಡನೆ ಸಮಾಲೋಚಿಸಿ ತೀರ್ಮಾನಿಸುವುದು.

ಸಿಕಂದರಾಬಾದ್ ದಕ್ಷಿಣ ಮಧ್ಯ ರೈಲ್ವೆಯ ಕೇಂದ್ರ. 2003ರವರೆಗೆ ಹುಬ್ಬಳ್ಳಿ ವಿಭಾಗವೂ ಅದರಡಿಯಲ್ಲೇ ಇದ್ದುದರಿಂದ ಇಲ್ಲಿ ಕನ್ನಡದ ರೈಲ್ವೆ ಕುಟುಂಬಗಳು ಬಹಳ. ಅವರಿಗೂ ಇತರ ಕೇಂದ್ರ ನೌಕರರಿಗೂ ಒಂದು ಮಾತು: ದುಡಿದು ಬದುಕಲಾರದ ವಿಕಲಚೇತನ ಮಗ ಅಥವಾ ಮಗಳಿಗೆ ಜೀವನಪೂರ್ತಿ ಕುಟುಂಬ ಪಿಂಚಣಿ ಬರುತ್ತದೆ, ಮತ್ತು ಅವರ ಹೆಸರನ್ನು ಪಿಂಚಣಿ ಆದೇಶದಲ್ಲಿ ನೀವಿರುವಾಗಲೇ ಸೇರಿಸಬಹುದು. ನೀವು ಹೋದ ಮೇಲೆ ಆ ಕಾಗದಪತ್ರಗಳನ್ನು ಒಡಹುಟ್ಟಿದವರು ಹುಡುಕಾಡುವಂತೆ ಆಗಬಾರದು.

ಒಡಹುಟ್ಟಿದವರ ಮಾತೂ ಕೊನೆಗೆ ಬಂದೇ ಬರುತ್ತದೆ. ‘ನಾವಿಲ್ಲದ ಮೇಲೆ ಅಕ್ಕ ನೋಡ್ಕೋತಾಳೆ’ ಎಂದು ಅಕ್ಕನನ್ನು ಕೇಳದೆಯೇ ತೀರ್ಮಾನಿಸಿರುವ ಮನೆಗಳು ಲೆಕ್ಕವಿಲ್ಲದಷ್ಟು. ಆಕೆ ಚಿಕ್ಕಂದಿನಿಂದ ಇದನ್ನು ಕೇಳಿಸಿಕೊಂಡೇ ಬೆಳೆದಿರುತ್ತಾಳೆ, ಮನಸ್ಸಿನಲ್ಲಿದ್ದುದನ್ನು ಹೇಳಲು ಅವಕಾಶ ಸಿಕ್ಕಿರುವುದಿಲ್ಲ. ಮಲಕ್‌ಪೇಟೆಯ ಆ ಮನೆಯಲ್ಲಿ ಅಕ್ಕನನ್ನು ಕೂರಿಸಿ ಕೇಳಿದಾಗ ಆಕೆ ಸ್ಪಷ್ಟವಾಗಿ ಹೇಳಿದಳಂತೆ: ಬ್ಯಾಂಕು, ಆಸ್ಪತ್ರೆ, ಪಿಂಚಣಿ ಎಲ್ಲ ನನ್ನ ಜವಾಬ್ದಾರಿ, ಆದರೆ ಪುಣೆಯ ನನ್ನ ಮನೆಗೆ ಕರೆದೊಯ್ಯಲಾರೆ, ಅವನಿಗೂ ಈ ಊರು ಬಿಟ್ಟು ಇರಲಾಗದು. ತಂದೆಗೆ ಮೊದಲು ನೋವಾಯಿತು. ಆಮೇಲೆ ಇದರಿಂದ ಎಷ್ಟು ಅನುಕೂಲವಾಯಿತೆಂದು ಅರ್ಥವಾಯಿತು, ಏಕೆಂದರೆ ಈಗ ಹುಡುಕಬೇಕಾದ್ದು ಏನೆಂದು ಗೊತ್ತು: ಹೈದರಾಬಾದಿನಲ್ಲೇ, ಕೆಲವೇ ಮಂದಿ ಒಟ್ಟಿಗಿರುವ, ಸಂಜೆ ಹೊರಗೆ ಬಿಡುವ ಒಂದು ಮನೆ. ನ್ಯಾಷನಲ್ ಟ್ರಸ್ಟಿನಲ್ಲಿ ಇದಕ್ಕೂ ಕೆಲವು ದಿನಗಳ ತಂಗುವಿಕೆಗೂ ಸೇರಿಸಿ ಸಮರ್ಥ್-ಘರೌಂದಾ ಎಂಬ ಯೋಜನೆ ಇದೆ. ಖಾಸಗಿ ಮನೆಗಳೂ ಇವೆ. ಸೇರಿಸುವ ಮುನ್ನ ಹೊತ್ತಲ್ಲದ ಹೊತ್ತಿನಲ್ಲಿ ಹೋಗಿ ನೋಡಬೇಕು, ಅಲ್ಲಿರುವವರ ಬಟ್ಟೆ ಅವರವರದೇ ಇದೆಯೇ, ರಾತ್ರಿ ಎಷ್ಟು ಮಂದಿ ಸಿಬ್ಬಂದಿ ಇರುತ್ತಾರೆ, ಮನೆಯವರು ಯಾವಾಗ ಬೇಕಾದರೂ ಬರಬಹುದೇ ಎಂದು ಕೇಳಬೇಕು. ಈಗ ಆ ಹುಡುಗ ಅಂಥ ಒಂದು ಮನೆಯಲ್ಲಿ ಆಗಾಗ ಎರಡು ರಾತ್ರಿ ಇದ್ದು ಬರುತ್ತಾನೆ. ಅವನ ಚೀಲದಲ್ಲಿ ದಿನಚರಿಯ ಹಾಳೆಯ ತೆಲುಗು ಪ್ರತಿ, ಔಷಧಿಯ ಪಟ್ಟಿ ಮತ್ತು ಉದ್ದ ಹಿಡಿಯ ಆ ಬ್ರಷ್ ಹೋಗುತ್ತವೆ. ಮೊದಲ ಸಲ ರಾತ್ರಿಯಿಡೀ ನಿದ್ದೆ ಮಾಡಲಿಲ್ಲ ಎಂದು ಅಲ್ಲಿನವರು ಬರೆದು ಕಳಿಸಿದರು. ಮುಂದಿನ ಸಲ ಮನೆಯ ದಿಂಬನ್ನೂ ಕಳಿಸಿದ್ದಾರೆ.